ಲಟ್ಟಣಿಗೆ ಮಣೆಯಿಂದ ಚದುರಂಗದ ಮಣೆಗೆ



ಮದುವೆಯಾಗಿ ಅತ್ತೆಮನೆಗೆ ಬರುವಾಗ ನಾವು ಏನೇನು ತಂದೆವು ಅನ್ನೋ ಪಟ್ಟಿ ನಮಗೆಲ್ಲ ಬಾಯಿಪಾಠ. ಎಷ್ಟು ಸೀರೆ, ಎಷ್ಟು ಪಾತ್ರೆ, ಯಾವ ಚಿಕ್ಕಮ್ಮ ಕೊಟ್ಟ ಬೆಳ್ಳಿಯ ಕುಂಕುಮ ಭರಣಿ, ಎಲ್ಲಾ ನೆನಪಿದೆ. ಆದರೆ ತವರಿನಲ್ಲೇ ಬಿಟ್ಟು ಬಂದದ್ದರ ಪಟ್ಟಿ ಮಾಡಿದವರು ನಮ್ಮಲ್ಲಿ ಎಷ್ಟು ಮಂದಿ? ಒಬ್ಬಳು ವೀಣೆ ಬಿಟ್ಟಳು, ಒಬ್ಬಳು ಥ್ರೋಬಾಲ್ ಬಿಟ್ಟಳು, ಇನ್ನೊಬ್ಬಳು ಚಿತ್ರ ಬರೆಯೋದನ್ನು ಬಿಟ್ಟಳು. ನಾನು ಬಿಟ್ಟು ಬಂದದ್ದು ಚದುರಂಗ.

ಹೈಸ್ಕೂಲಿನಲ್ಲಿ ಜಿಲ್ಲಾ ಮಟ್ಟದ ಪಂದ್ಯದವರೆಗೂ ಹೋಗಿದ್ದೆ. ಎಸ್ಸೆಸ್ಸೆಲ್ಸಿ ಮುಗಿಯಿತು, ಓದು ನಿಂತಿತು, ಆಮೇಲೆ ಮದುವೆ, ಮಕ್ಕಳು, ಹಬ್ಬ ಹುಣ್ಣಿಮೆ. 26 ವರ್ಷ ಕಾಯಿ ಮುಟ್ಟಲಿಲ್ಲ. 2020ರಲ್ಲಿ ಕೊರೊನಾ ಬಂದು ಎಲ್ಲರೂ ಮನೆಯೊಳಗೆ ಕೂತಾಗ ಮಗಳು ಮೊಬೈಲಿನಲ್ಲಿ ಚೆಸ್ ಹಾಕಿಕೊಟ್ಟಳು. ಮೊಬೈಲಿನಲ್ಲಿ ಆಡುತ್ತಾ ಆಡುತ್ತಾ, ಸಭಾಂಗಣದಲ್ಲಿ ಎದುರಾಳಿಯ ಮುಂದೆ ಕೂತು ಆಡಬೇಕೂಂತ ಮನಸ್ಸು ಎಳೆಯತೊಡಗಿತು. ಹೋದ ವರ್ಷ ಒಂದು ಭಾನುವಾರ ಹೋಗಿ ಆಡಿಯೂ ಬಂದೆ. ಈ ಸಲದ ಅಂಕಣ ಅದರ ಬಗ್ಗೆಯೇ. ನೀವು ಬಿಟ್ಟದ್ದು ಚದುರಂಗ ಅಲ್ಲದಿದ್ದರೂ ಓದಿ, ನಿಮಗೂ ಒಂದೆರಡು ಮಾತು ಉಪಯೋಗಕ್ಕೆ ಬಂದೀತು.

ಮೊದಲು ಒಂದು ಒಳ್ಳೇ ಸುದ್ದಿ ಹೇಳಿಬಿಡ್ತೀನಿ. ವಿಶ್ವ ಚೆಸ್ ಸಂಸ್ಥೆಯಾದ ಫಿಡೆ ಪ್ರತಿಯೊಬ್ಬ ಆಟಗಾರರಿಗೂ ಒಂದು ಅಂಕೆ ಕೊಡುತ್ತದೆ. ಅದಕ್ಕೆ ರೇಟಿಂಗ್ ಅಂತ ಹೆಸರು. ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ. ಒಂದು ವರ್ಷ ಪೂರ್ತಿ ಒಂದೂ ಪಂದ್ಯ ಆಡದೇ ಇದ್ದರೆ ಏನಾಗುತ್ತದೆ ಗೊತ್ತೇ? ಹೆಸರನ್ನು ಅಳಿಸುವುದಿಲ್ಲ, ಅಂಕೆಯನ್ನೂ ಕಿತ್ತುಕೊಳ್ಳುವುದಿಲ್ಲ. ಸದ್ಯಕ್ಕೆ ಆಡುತ್ತಿಲ್ಲ ಅನ್ನುವುದಕ್ಕೆ ಒಂದು ಗುರುತು ಹಾಕುತ್ತಾರೆ, ಅಷ್ಟೇ. ಎಷ್ಟು ವರ್ಷವಾದ ಮೇಲೆ ಬಂದರೂ ರೇಟಿಂಗ್ ಇರುವ ಪಂದ್ಯದಲ್ಲಿ ಒಂದು ಆಟ ಆಡಿದರೆ ಸಾಕು, ಆ ಗುರುತು ಹೋಗಿಬಿಡುತ್ತದೆ! ನನಗಂತೂ ಆಗ ಯಾವ ರೇಟಿಂಗೂ ಇರಲಿಲ್ಲ ಬಿಡಿ. ಆದರೂ ಈ ನಿಯಮ ತಿಳಿದ ದಿನ ಮನಸ್ಸಿಗೆ ಎಷ್ಟೋ ಸಮಾಧಾನವಾಯಿತು. ನಮ್ಮನ್ನೂ ಯಾರೂ ಅಳಿಸಿಲ್ಲ, ಸ್ವಲ್ಪ ಕಾಲ ಆಡಿಲ್ಲ ಅಷ್ಟೇ ಅನ್ನಿಸಿತು.

ಈಗ ದೊಡ್ಡವರ ಕಥೆಗೆ ಬರೋಣ. ನೆರೆಯ ಆಂಧ್ರದ ಕೊನೇರು ಹಂಪಿಯವರ ಹೆಸರು ನೀವು ಕೇಳೇ ಇರುತ್ತೀರಿ. 1987ರಲ್ಲಿ ಗುಡಿವಾಡದಲ್ಲಿ ಹುಟ್ಟಿದವರು. ಆಟ ಕಲಿಸಿದ್ದು ತಂದೆ. 2002ರಲ್ಲಿ, ಕೇವಲ 15ನೆಯ ವಯಸ್ಸಿನಲ್ಲಿ, ಗ್ರ್ಯಾಂಡ್‌ಮಾಸ್ಟರ್ ಆದ ಮೊದಲ ಭಾರತೀಯ ಮಹಿಳೆ. 2014ರಲ್ಲಿ ಮದುವೆ, 2017ರಲ್ಲಿ ಹೆಣ್ಣುಮಗು. ಸುಮಾರು ಎರಡು ವರ್ಷ ಅವರು ಪಂದ್ಯಗಳಿಂದ ದೂರವಿದ್ದರು. ನಾವು ಎರಡು ವರ್ಷವನ್ನು ಬಿಡುವು ಅಂತಲೇ ಲೆಕ್ಕಕ್ಕೆ ಇಟ್ಟುಕೊಳ್ಳೋದಿಲ್ಲ. ಆದರೆ ಆ ಮಟ್ಟದ ಆಟದಲ್ಲಿ ಎರಡು ವರ್ಷ ಅಂದರೆ ಒಂದು ಯುಗ.

2018ರಲ್ಲಿ ಜಾರ್ಜಿಯಾ ದೇಶದ ಬಟೂಮಿಯಲ್ಲಿ ನಡೆದ ಒಲಿಂಪಿಯಾಡಿಗೆ ಅವರು ಮರಳಿ ಬಂದರು. ಬಂದ ಕೂಡಲೇ ಹೂಮಾಲೆ ಬಿತ್ತು ಅಂದುಕೊಂಡಿರಾ? ಇಲ್ಲ. ಅದೇ ವರ್ಷ ನವೆಂಬರಿನಲ್ಲಿ ರಷ್ಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಎರಡನೆಯ ಸುತ್ತಿಗೇ ಸೋತು ಹೊರಗೆ ಬರಬೇಕಾಯಿತು. ಆಮೇಲೆ 2019ರ ಡಿಸೆಂಬರಿನಲ್ಲಿ ಮಾಸ್ಕೋದಲ್ಲಿ ರ‍್ಯಾಪಿಡ್ ಆಟದ ವಿಶ್ವ ಚಾಂಪಿಯನ್ ಆದರು. ರ‍್ಯಾಪಿಡ್ ಅಂದರೆ ಬೇಗ ಮುಗಿಯುವ ಆಟ. ಅಲ್ಲಿ ಒಬ್ಬೊಬ್ಬರಿಗೆ 15 ನಿಮಿಷ, ಒಂದೊಂದು ನಡೆಗೆ 10 ಸೆಕೆಂಡು ಹೆಚ್ಚುವರಿ. ಚೀನಾದ ಆಟಗಾರ್ತಿಯ ಜೊತೆ ಅಂಕ ಸಮವಾಗಿ, ಮರುಪಂದ್ಯ ಆಡಿ ಗೆದ್ದರು. ಮಗುವಿಗೆ ಆಗ ಎರಡು ವರ್ಷ!

ಇಷ್ಟಕ್ಕೇ ಮುಗಿಯಲಿಲ್ಲ. 2024ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮತ್ತೊಮ್ಮೆ ಅದೇ ಪಟ್ಟ. ವಯಸ್ಸು 37. ಮೊದಲ ಸುತ್ತಿನಲ್ಲೇ ಸೋತಿದ್ದರು. ಮೊದಲ ಹೋಳಿಗೆ ಹರಿದುಹೋದರೆ ನಾವು ಕಣಕ ಎಸೆದುಬಿಡ್ತೀವೇ? ಅವರೂ ಎಸೆಯಲಿಲ್ಲ. 11 ಸುತ್ತು ಮುಗಿದಾಗ ಎಂಟೂವರೆ ಅಂಕ ತೆಗೆದುಕೊಂಡು ಎಲ್ಲರಿಗಿಂತ ಮುಂದಿದ್ದರು. 2025ರ ಜುಲೈನಲ್ಲಿ ವಿಶ್ವಕಪ್ಪಿನ ಫೈನಲ್ಲಿಗೂ ಬಂದರು. ಅಲ್ಲಿ ಅವರನ್ನು ಸೋಲಿಸಿದ್ದು ನಮ್ಮ ದೇಶದವಳೇ ಆದ, 19 ವರ್ಷದ ದಿವ್ಯಾ ದೇಶಮುಖ್. ತನ್ನ ಅರ್ಧ ವಯಸ್ಸಿನ ಹುಡುಗಿಯ ಎದುರು ಕೂತು, ಸೋತು, ಕೈಕುಲುಕಿ ಎದ್ದು ಬಂದರು.

ಈ ಕಥೆಯಲ್ಲಿ ನಾವು ಗಮನಿಸಬೇಕಾದ್ದು ಪದಕವಲ್ಲ. ಅಮ್ಮ ದೇಶ ದೇಶ ತಿರುಗುವಾಗ ಮಗುವನ್ನು ನೋಡಿಕೊಂಡವರು ಯಾರು? ಅಜ್ಜ ಅಜ್ಜಿ. ನ್ಯೂಯಾರ್ಕಿನಲ್ಲಿ ಗೆದ್ದ ಮೇಲೆ ಹಂಪಿಯವರೇ ಗಂಡನಿಗೂ ತಂದೆ ತಾಯಿಗೂ ಅದನ್ನು ಹೇಳಿ ಕೃತಜ್ಞತೆ ಸಲ್ಲಿಸಿದರು. ಬುದ್ಧಿ ಅವರದೇ, ಶ್ರಮವೂ ಅವರದೇ. ಆದರೆ ಆ ಬುದ್ಧಿ ಕೆಲಸ ಮಾಡೋದಕ್ಕೆ ಬೇಕಾದ ಹೊತ್ತನ್ನು ಮನೆಯವರು ಬಿಟ್ಟುಕೊಟ್ಟರು.

ಹಂಗೆರಿಯ ಜೂಡಿತ್ ಪೋಲ್ಗಾರ್ ಕಥೆಯೂ ಇಂಥದೇ. ಇಲ್ಲಿಯವರೆಗೆ ಹೆಂಗಸರಲ್ಲಿ ಅವರಷ್ಟು ಎತ್ತರಕ್ಕೆ ಏರಿದವರು ಇನ್ನೊಬ್ಬರಿಲ್ಲ. 2004ರಲ್ಲಿ ಮೊದಲ ಮಗುವಿಗಾಗಿ ಆಟ ನಿಲ್ಲಿಸಿ, 2005ರ ಜನವರಿಯಲ್ಲೇ ಹಿಂತಿರುಗಿದರು. ಅದೇ ವರ್ಷ ಜುಲೈನಲ್ಲಿ ಅವರ ರೇಟಿಂಗ್ 2735 ಮುಟ್ಟಿತು. ಅವರ ಜೀವನದಲ್ಲೇ ಅದು ಅತಿ ಹೆಚ್ಚಿನದು. ತಾಯಿಯಾದ ಮೇಲೆ, ಗಮನಿಸಿ! ಇನ್ನು ನಮ್ಮ ಹಾರಿಕಾ ದ್ರೋಣವಲ್ಲಿ 2022ರಲ್ಲಿ ಚೆನ್ನೈ ಒಲಿಂಪಿಯಾಡಿನಲ್ಲಿ ತುಂಬು ಗರ್ಭಿಣಿಯಾಗಿ ಕೂತು ಆಡಿದರು. ತಂಡಕ್ಕೆ ಕಂಚಿನ ಪದಕ ಬಂತು.

"ಅವರೆಲ್ಲ ದೊಡ್ಡವರಮ್ಮ, ನಮ್ಮಂಥವರ ಮಾತು ಹೇಳಿ" ಅಂತೀರಾ? ಹೇಳ್ತೀನಿ. ನನ್ನ ಅನುಭವದಲ್ಲಿ ಬಹಳ ವರ್ಷ ಬಿಟ್ಟವಳಿಗೆ ಆಟ ಮರೆತಿರುವುದಿಲ್ಲ. ಕುದುರೆ ಎರಡೂವರೆ ಮನೆ ಹಾರೋದು, ಒಂಟೆ ಓರೆಯಾಗಿ ಹೋಗೋದು, ಆನೆ ನೆಟ್ಟಗೆ ನಡೆಯೋದು, ಇವೆಲ್ಲ ಈಜು ಕಲಿತ ಹಾಗೆ, ಮೈಯಲ್ಲೇ ಇರುತ್ತವೆ. ಮರೆತಿರೋದು ಬೇರೆ. ಎರಡು ಗಂಟೆ ಒಂದೇ ಕಡೆ, ಒಂದೇ ವಿಷಯ ಯೋಚನೆ ಮಾಡುತ್ತಾ ಕೂರೋದು! ಹಾಲು ಒಲೆ ಮೇಲಿದೆ, ಕುಕ್ಕರ್ ಎರಡು ಸಲ ಕೂಗಿತು, ಬಾಗಿಲಲ್ಲಿ ಸೊಪ್ಪಿನವಳು, ಫೋನಿನಲ್ಲಿ ನಾದಿನಿ. ಹೀಗೆ ಹತ್ತು ಕಡೆ ಗಮನ ಇಟ್ಟು ಇಟ್ಟು, ಒಂದು ಕಡೆ ಇಡೋ ಅಭ್ಯಾಸವೇ ತಪ್ಪಿಹೋಗಿರುತ್ತದೆ. ಮೊದಲು ಅದನ್ನು ವಾಪಸು ತಂದುಕೊಳ್ಳಬೇಕು.

ಅದಕ್ಕೆ ನಾನು ಮಾಡಿದ ಉಪಾಯ ಇದು. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಣೆಯಾಟಗಳಲ್ಲಿ ಬಹಳ ಆಸಕ್ತಿ. ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ಕಾಲಿಡುವಂತೆ ನಡೆಸುವ ಬಂಧಗಳನ್ನು ಅವರು ರಚಿಸಿದ್ದಾರೆ. ನೀವೂ ಪ್ರಯತ್ನಿಸಿ ನೋಡಿ. ಬೇಕಾಗಿರೋದು ಮಣೆ, ಒಂದು ಕುದುರೆ, ಒಂದು ಹಿಡಿ ಕಡಲೆಬೇಳೆ. ಕಾಲಿಟ್ಟ ಮನೆಗೆಲ್ಲ ಒಂದು ಬೇಳೆ ಇಡುತ್ತಾ ಹೋಗಿ. ಮಧ್ಯೆ ಯಾರು ಕರೆದರೂ ಏಳಬಾರದು. ಮೊದಲ ವಾರ ಹತ್ತು ನಿಮಿಷ, ಆಮೇಲೆ ಇಪ್ಪತ್ತು, ಆಮೇಲೆ ಅರ್ಧ ಗಂಟೆ. ಆರು ವಾರದಲ್ಲಿ ನಿಮ್ಮ ಗಮನ ನಿಮ್ಮ ಮಾತು ಕೇಳತೊಡಗುತ್ತದೆ.

ಮೊಬೈಲಿನಲ್ಲಿ ಆಡಿ ಅಭ್ಯಾಸವಿದ್ದವರಿಗೂ ಒಂದು ಮಾತು. ಪರದೆಯ ಮೇಲೆ ಕಾಯಿಗಳು ಚಪ್ಪಟೆಯಾಗಿರುತ್ತವೆ, ನಿಜವಾದ ಮಣೆಯಲ್ಲಿ ಎದ್ದು ನಿಂತಿರುತ್ತವೆ. ಕಣ್ಣಿಗೆ ಎರಡೂ ಬೇರೆ. ಅದಕ್ಕೇ ಪಂದ್ಯಕ್ಕೆ ಮುಂಚೆ ಒಂದು ತಿಂಗಳಾದರೂ ನಿಜವಾದ ಮಣೆಯ ಮೇಲೆ ಆಡಿ. ಜೊತೆಗೆ ಯಾರೂ ಸಿಗದಿದ್ದರೆ ಮೊಬೈಲಿನ ನಡೆಗಳನ್ನೇ ಮಣೆಯ ಮೇಲೂ ಇಡುತ್ತಾ ಹೋಗಿ.

ನಾವು ಶಾಲೆಯಲ್ಲಿದ್ದಾಗಿನಿಂದ ಪಂದ್ಯದ ಮನೆಯಲ್ಲಿ ಏನೇನು ಬದಲಾಗಿದೆ ಅಂತ ಈಗ ಬಿಡಿಸಿ ಹೇಳ್ತೀನಿ, ಬರೆದಿಟ್ಟುಕೊಳ್ಳಿ.

ಗಡಿಯಾರ: ಮುಳ್ಳಿನ ಗಡಿಯಾರ, ಅದರ ಪುಟ್ಟ ಬಾವುಟ ಬೀಳೋದು, ಎಲ್ಲ ಹೋಯಿತು. ಈಗ ಅಂಕೆ ತೋರಿಸುವ ಗಡಿಯಾರ. ಪ್ರತಿ ನಡೆಗೂ ಕೆಲವು ಸೆಕೆಂಡು ತಾನಾಗಿ ಸೇರುತ್ತದೆ. ಇದು ಅಮೆರಿಕದ ಬಾಬಿ ಫಿಷರ್ ತೆಗೆದ ಉಪಾಯ, 1992ರಲ್ಲಿ ಸ್ಪಾಸ್ಕಿಯ ಜೊತೆ ಮತ್ತೆ ಆಡಿದಾಗ ಬಳಸಿದರು. ಅಂದಹಾಗೆ, ಅವರೂ 20 ವರ್ಷ ಬಿಟ್ಟು ಬಂದವರೇ! ಕಾಯಿ ನಡೆಸಿದ ಕೈಯಲ್ಲೇ ಗಡಿಯಾರ ಒತ್ತಬೇಕು. ಎರಡು ಕೈ ಬಳಸುವ ಹಾಗಿಲ್ಲ, ರಾಜನಿಗೆ ಕೋಟೆ ಕಟ್ಟುವಾಗಲೂ ಒಂದೇ ಕೈ.

ಮುಟ್ಟಿದ ಕಾಯಿ: ಈ ನಿಯಮ ಹಳೆಯದೇ. ಮುಟ್ಟಿದರೆ ನಡೆಸಲೇಬೇಕು. ಓರೆಯಾಗಿ ನಿಂತ ಕಾಯಿಯನ್ನು ಸರಿಯಾಗಿ ಇಡಬೇಕಿದ್ದರೆ ಮೊದಲು "ಅಡ್ಜಸ್ಟ್" ಅಂತ ಬಾಯಲ್ಲಿ ಹೇಳಿ, ಆಮೇಲೆ ಮುಟ್ಟಿ. ಬಿದ್ದ ಪಾತ್ರೆ ಕಂಡ ಕೂಡಲೇ ನೆಟ್ಟಗೆ ಇಡೋ ಕೈ ನಮ್ಮದು, ಇಲ್ಲಿ ಹುಷಾರು!

ತಲೆಕೆಳಗಾದ ಆನೆ: ಪದಾತಿ ಕೊನೆಯ ಮನೆ ಮುಟ್ಟಿದಾಗ ರಾಣಿ ಸಿಗದಿದ್ದರೆ ನಾವೆಲ್ಲ ಆನೆಯನ್ನು ಬೋರಲು ಹಾಕಿ "ಇದು ರಾಣಿ" ಅಂತಿದ್ದೆವಲ್ಲ? ಪಂದ್ಯದಲ್ಲಿ ಅದು ಆನೆಯೇ. ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕರೆದು ರಾಣಿ ಕೇಳಿ ತೆಗೆದುಕೊಳ್ಳಿ.

ತಪ್ಪು ನಡೆ: ನಿಯಮಕ್ಕೆ ವಿರುದ್ಧವಾದ ನಡೆ ಮೊದಲ ಸಲವಾದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚು ಕೊಡುತ್ತಾರೆ. ಎರಡನೆಯ ಸಲವಾದರೆ ಸಾಮಾನ್ಯವಾಗಿ ಆಟವೇ ಹೋಯಿತು.

ಬರವಣಿಗೆ: ದೀರ್ಘ ಪಂದ್ಯದಲ್ಲಿ ನಡೆಗಳನ್ನು ಬರೆಯಲೇಬೇಕು, ರ‍್ಯಾಪಿಡ್‌ನಲ್ಲಿ ಕಡ್ಡಾಯವಿಲ್ಲ. ಹಳೆಯ ಪುಸ್ತಕಗಳಲ್ಲಿದ್ದ "ರಾಜನ ಮುಂದಿನ ನಾಲ್ಕನೆಯ ಮನೆ" ಅನ್ನೋ ಬಗೆಯ ಬರವಣಿಗೆಗೆ ಫಿಡೆ 1981ರಿಂದಲೇ ಮಾನ್ಯತೆ ಕೊಡುತ್ತಿಲ್ಲ. ಈಗ ಅಕ್ಷರ, ಅಂಕೆ ಎರಡೇ.

ನೋಂದಣಿ: ರೇಟಿಂಗ್ ಇರುವ ಪಂದ್ಯ ಆಡಬೇಕಾದರೆ ಅಖಿಲ ಭಾರತ ಚೆಸ್ ಒಕ್ಕೂಟದಲ್ಲಿ ಹೆಸರು ನೋಂದಾಯಿಸಬೇಕು. ಬಹಳ ದಿನದ ಮೇಲೆ ಮರಳುವವರು ರೇಟಿಂಗ್ ಇಲ್ಲದ ಒಂದು ದಿನದ ಪಂದ್ಯದಿಂದ ಶುರು ಮಾಡಿದರೆ ಒಳ್ಳೆಯದು. 50 ಮತ್ತು 65 ವರ್ಷ ದಾಟಿದವರಿಗೆ ವಿಶ್ವ ಮಟ್ಟದಲ್ಲಿಯೂ ಬೇರೆ ಬೇರೆ ವಿಭಾಗ ಇದೆ, ಅದರಲ್ಲೂ ಹೆಂಗಸರಿಗೇ ಪ್ರತ್ಯೇಕ ಪ್ರಶಸ್ತಿ. ಹಾಗಾಗಿ ವಯಸ್ಸಾಯಿತು ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ.

ಇನ್ನು ಫೋನು. ಇದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೀನಿ. ಆಡುವ ಜಾಗದಲ್ಲಿ ಮೊಬೈಲ್ ಕೂಡದು. ಗುಟ್ಟಾಗಿ ಕಂಪ್ಯೂಟರಿನ ಸಹಾಯ ತೆಗೆದುಕೊಂಡುಬಿಡುತ್ತಾರೇನೋ ಅಂತ ಈ ಕಟ್ಟುನಿಟ್ಟು. ನಿಮ್ಮ ಫೋನು ಕಿಣಿಕಿಣಿ ಅಂದರೆ ಆ ಆಟ ಸೋತ ಹಾಗೇ. "ಅಯ್ಯೋ, ಮನೆಯಿಂದ ಫೋನ್ ಬಂದರೆ?" ಅಂತ ಎದೆ ಧಸಕ್ಕೆಂದಿತೇ? ನನಗೂ ಹಾಗೇ ಆಗಿತ್ತು. ಆದರೆ ಯೋಚಿಸಿ ನೋಡಿದರೆ ಹೆಂಗಸರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಯಾರೂ ಕೊಟ್ಟಿಲ್ಲ. "ಸಕ್ಕರೆ ಡಬ್ಬಿ ಎಲ್ಲಿದೆ?" ಅಂತ ಕೇಳಿದರೆ ಉತ್ತರ ಹೇಳೋರು ಯಾರೂ ಇಲ್ಲ! ಅವರೇ ಹುಡುಕಬೇಕು. ನಿಜವಾಗಿಯೂ ತುರ್ತು ಬಂದರೆ ಇರಲೀಂತ ಪಂದ್ಯ ನಡೆಸುವವರ ನಂಬರನ್ನು ಮನೆಯಲ್ಲಿ ಬರೆದಿಟ್ಟು ಹೊರಡಿ. ನಿಮ್ಮ ಫೋನನ್ನು ಪೂರ್ತಿ ಆರಿಸಿ, ಅವರು ಹೇಳಿದ ಜಾಗದಲ್ಲಿ ಕೊಟ್ಟುಬಿಡಿ.

ಮನೆಯ ಒಪ್ಪಿಗೆ ಅನ್ನೋದೇ ನಮ್ಮ ಪಾಲಿನ ಮೊದಲ ಸುತ್ತು. ನಮ್ಮತ್ತೆ "ಮಕ್ಕಳಾಟಕ್ಕೆ ಊರಿಂದೂರಿಗೆ ಹೋಗಬೇಕೇನಮ್ಮಾ?" ಅಂದರು. "ಒಂದು ಭಾನುವಾರ ಅತ್ತೆ, ಸಾರು ಮಾಡೋದು ನಿಮ್ಮ ಮಗನಿಗೂ ಬರುತ್ತೆ" ಅಂದೆ. ಜಗಳವಿಲ್ಲ, ಅಳುವಿಲ್ಲ. ನಮ್ಮನೆಯವರು ಪೇಪರಿನ ಹಿಂದೆ ಮುಖ ಮರೆಸಿಕೊಂಡು ನಕ್ಕರು. ನನ್ನ ಸಲಹೆ ಕೇಳುವುದಾದರೆ, ಹಿಂದಿನ ರಾತ್ರಿ ಹನ್ನೆರಡರವರೆಗೆ ನಿಂತು ಮೂರು ಹೊತ್ತಿನ ಅಡಿಗೆ ಮಾಡಿಟ್ಟು, ಬೆಳಗ್ಗೆ ಸುಸ್ತಾಗಿ ಪಂದ್ಯಕ್ಕೆ ಹೋಗಬೇಡಿ. ಅದು ಮನೆಯವರು ನಮಗೆ ಬಿಟ್ಟುಕೊಟ್ಟ ದಿನವಲ್ಲ, ನಾವೇ ದುಪ್ಪಟ್ಟು ದುಡಿದು ಕೊಂಡುಕೊಂಡ ದಿನ. ಹಾಗೆ ಕೊಂಡರೆ ಎರಡನೆಯ ಸಲ ಹೋಗೋದಕ್ಕೆ ನಮಗೇ ಮನಸ್ಸು ಬರೋದಿಲ್ಲ. ಅವತ್ತು ನಮ್ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಗಿತ್ತಂತೆ. ಮಜ್ಜಿಗೆ ಅನ್ನ ಉಂಡು ಎಲ್ಲರೂ ಚೆನ್ನಾಗೇ ಇದ್ದರು.

ಎರಡನೆಯ ಹೆದರಿಕೆ, ಮಕ್ಕಳ ಎದುರು ಸೋತರೆ ಅನ್ನೋದು. ಸೋಲ್ತೀರಿ, ಈಗಲೇ ಹೇಳಿಬಿಡ್ತೀನಿ! ನನ್ನ ಮೊದಲ ಎದುರಾಳಿ ನಾಲ್ಕನೇ ಕ್ಲಾಸಿನ ಹುಡುಗ. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. "ಆಂಟಿ, ನಿಮ್ಮ ಮಗ ಯಾವ ಟೇಬಲ್?" ಅಂತ ಕೇಳಿದ. "ಮಗ ಬಂದಿಲ್ಲ ಪುಟ್ಟಾ, ಆಡೋದು ನಾನೇ" ಅಂದೆ. ಒಂದು ಗಳಿಗೆ ನನ್ನನ್ನೇ ನೋಡಿ, ಕೈ ಚಾಚಿ ಕುಲುಕಿ, ಮೂವತ್ತೈದು ನಡೆಯಲ್ಲಿ ನನ್ನ ರಾಜನನ್ನು ಮೂಲೆಗೆ ಕೂರಿಸಿದ. ಆ ಮಕ್ಕಳು ದಿನಾ ಗಂಟೆಗಟ್ಟಲೆ ಗುರುಗಳ ಹತ್ತಿರ ಕಲಿಯೋರು, ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡೋರು. ಅವರ ಎದುರು ಸೋಲೋದು ಅವಮಾನವಲ್ಲ.

ಇನ್ನೊಂದು ಸಮಾಧಾನವೂ ಇದೆ. ಇಂಥ ಪಂದ್ಯಗಳಲ್ಲಿ ಸಾಮಾನ್ಯವಾಗಿ ಸ್ವಿಸ್ ಪದ್ಧತಿ. ಕಬಡ್ಡಿ, ಖೋಖೋ ನಾಕೌಟಿನ ಹಾಗೆ ಸೋತವರು ಗಂಟುಮೂಟೆ ಕಟ್ಟಬೇಕಿಲ್ಲ. ಒಂದೊಂದು ಸುತ್ತು ಮುಗಿದಾಗಲೂ ಸರಿಸುಮಾರು ಒಂದೇ ಅಂಕ ಪಡೆದವರನ್ನು ಜೋಡಿ ಮಾಡುತ್ತಾರೆ. ಸೋತವಳಿಗೆ ಸೋತವರೇ ಎದುರಾಳಿ. ಹೀಗೆ ಸಂಜೆಯವರೆಗೂ ಎಲ್ಲರಿಗೂ ಆಟ, ಎಲ್ಲರಿಗೂ ತಮ್ಮ ತೂಕಕ್ಕೆ ತಕ್ಕ ಜೊತೆ. ಅವತ್ತು ಏಳು ಸುತ್ತು ಆಡಿದೆ, ಮೂರು ಗೆದ್ದೆ, ನಾಲ್ಕು ಸೋತೆ. ಮೂರನೆಯ ಗೆಲುವು ಒಬ್ಬ ಬ್ಯಾಂಕ್ ನೌಕರರ ಮೇಲೆ. ಬರೀ ರಾಜ ಮತ್ತು ಮೂರು ಪದಾತಿ ಉಳಿದಾಗ ಯಾವ ಪದಾತಿಯನ್ನು ಮೊದಲು ತಳ್ಳಬೇಕು ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ. ಅರ್ಧ ಗಂಟೆಯಿಂದ ಮನೆಯ ನೆನಪೇ ಬಂದಿಲ್ಲ ಅಂತ ಗೊತ್ತಾಗಿದ್ದು ಆಟ ಮುಗಿದ ಮೇಲೆ. ಅಷ್ಟು ವರ್ಷದಲ್ಲಿ ಅಂಥ ಅರ್ಧ ಗಂಟೆ ನನಗೆ ಸಿಕ್ಕಿರಲಿಲ್ಲ.

ಇನ್ನು ಊಟದ ಮಾತಿಲ್ಲದೆ ನಮ್ಮ ಪತ್ರಿಕೆಯ ಪುಟ ಮುಗಿದೀತೇ? ಪಂದ್ಯದ ದಿನ ಮಧ್ಯಾಹ್ನ ಹೊಟ್ಟೆ ತುಂಬ ಅನ್ನ ಉಂಡರೆ ಮೂರು ಗಂಟೆಗೆ ಕಣ್ಣು ಎಳೆಯುತ್ತದೆ. ಒಗ್ಗರಣೆ ಅವಲಕ್ಕಿ ಸ್ವಲ್ಪ, ಬಾಳೆಹಣ್ಣು, ನೀರು, ಜೊತೆಗೆ ಈ ಉಂಡೆ ಒಯ್ಯಿರಿ. ಒಂದು ಬಟ್ಟಲು ಕಡಲೆಕಾಯಿ ಬೀಜ ಹುರಿದು ಸಿಪ್ಪೆ ತೆಗೆಯಿರಿ. ಅರ್ಧ ಬಟ್ಟಲು ಹುರಿಗಡಲೆ, ಎರಡು ಚಮಚ ಹುರಿದ ಎಳ್ಳು, ಎರಡು ಏಲಕ್ಕಿ ಸೇರಿಸಿ ತರಿತರಿಯಾಗಿ ಪುಡಿ ಮಾಡಿ. ಮುಕ್ಕಾಲು ಬಟ್ಟಲು ಬೆಲ್ಲದ ಪುಡಿ ಹಾಕಿ ಇನ್ನೊಂದು ಸುತ್ತು ತಿರುವಿ. ಎರಡು ಚಮಚ ಬಿಸಿ ತುಪ್ಪ ಹಾಕಿ ಕಲಸಿ, ಕೈ ಬೆಚ್ಚಗಿರುವಾಗಲೇ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ. ಸುತ್ತಿಗೆ ಒಂದು ಉಂಡೆ ಸಾಕು. ಎದುರಾಳಿ ಮಗುವಿಗೂ ಒಂದು ಕೊಡಿ, ಆಟ ಮುಗಿದ ಮೇಲೆ!

ಹಣದ ವಿಷಯವೂ ಹೇಳಬೇಕು. ಪ್ರವೇಶ ಶುಲ್ಕ, ಬಸ್ ಚಾರ್ಜು, ಮಧ್ಯಾಹ್ನದ ಕಾಫಿ, ಇಷ್ಟನ್ನು ಮೊದಲೇ ಲೆಕ್ಕ ಹಾಕಿ ತಿಂಗಳ ಖರ್ಚಿನ ಪುಸ್ತಕದಲ್ಲಿ ಬರೆಯಿರಿ. ಮಗನ ಕ್ರಿಕೆಟ್ ಬ್ಯಾಟಿಗೆ ಒಂದು ಸಾಲು ಇರೋ ಪುಸ್ತಕದಲ್ಲಿ ಅಮ್ಮನ ಚದುರಂಗಕ್ಕೂ ಒಂದು ಸಾಲು ಇರಲಿ. ಸಾಸಿವೆ ಡಬ್ಬಿಯ ಗುಟ್ಟಿನ ದುಡ್ಡಿನಲ್ಲಿ ಹೋಗೋದು ಬೇಡ. ಬಹುಮಾನದ ಹಣ ಬರುತ್ತದೆ ಅಂತ ಹೋಗೋದೂ ಬೇಡ. ಪುಸ್ತಕದಲ್ಲಿ ಬರೆದ ಖರ್ಚು ಮನೆಯ ಖರ್ಚಾಗುತ್ತದೆ. ಆಮೇಲೆ ಅದನ್ನು ಯಾರೂ ಪ್ರಶ್ನೆ ಮಾಡೋದಿಲ್ಲ.

ಹಾಗಾದರೆ ಈ ವಾರ ಒಂದು ಕೆಲಸ ಮಾಡಿ. ತವರಲ್ಲಿ ಬಿಟ್ಟು ಬಂದದ್ದೇನು ಅಂತ ಒಂದು ಚೀಟಿಯಲ್ಲಿ ಬರೆದು, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಸಿಕ್ಕಿಸಿ. ಅದರ ಕೆಳಗೆ ಮುಂದಿನ ಎರಡು ತಿಂಗಳೊಳಗಿನ ಒಂದು ಭಾನುವಾರದ ತಾರೀಖು ಹಾಕಿ. ಮನೆಯವರು ಏನಿದು ಅಂತ ಕೇಳೇ ಕೇಳ್ತಾರೆ. ಕೇಳಿದಾಗ ನಗುನಗುತ್ತಾ, ಆದರೆ ಗಟ್ಟಿಯಾಗಿ ಹೇಳಿ. ಏನಾಯಿತು ಅಂತ ನಮಗೂ ನಾಲ್ಕು ಸಾಲು ಬರೆದು ತಿಳಿಸಿ. ಏನಂತೀರಿ?